ಹಳೇ ಡಿಸ್ಕಾ, ಡೌನ್‌ಲೋಡಾ? ಎರಡಕ್ಕೂ ದುಡ್ಡು ಹಾಕಿದ ಮೇಲೆ

ಟಿವಿಗೆ ಜೋಡಿಸುವ ಕನ್ಸೋಲಿನಲ್ಲಿ ಆಡಲು ವಿಡಿಯೊ ಗೇಮನ್ನು ಹಳೇ ಡಿಸ್ಕಿನಲ್ಲಿ ಕೊಳ್ಳುವುದಾ, ಡೌನ್‌ಲೋಡ್ ಮಾಡುವುದಾ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸೆಕೆಂಡ್ ಹ್ಯಾಂಡ್ ಡಿಸ್ಕಿಗೆ. ಹೋದ ತಿಂಗಳು ಅದರಿಂದಲೇ 1,250 ರೂಪಾಯಿ ಹೋಗಿದೆ. ಆದರೂ ಓಟು ಅದಕ್ಕೇ.

ಆಗಿದ್ದು ಇಷ್ಟು. ಮೆಜೆಸ್ಟಿಕ್ ಹತ್ತಿರ ಒಂದು ಅಂಗಡಿಯಲ್ಲಿ 1,400 ರೂಪಾಯಿಗೆ ಒಂದು ಗೇಮ್ ತಂದೆ. ಹೊಸದಾದರೆ 3,999. ಡಬ್ಬಿ ಮೇಲೆ ‘ಕಂಪ್ಲೀಟ್ ಎಡಿಷನ್’ ಅಂತಿತ್ತು, ಅಂದರೆ ಮೂಲ ಕಥೆಯ ಜೊತೆ ಹೆಚ್ಚುವರಿ ಎರಡು ಕಥೆಗಳೂ ಸೇರಿ. ಮನೆಗೆ ಬಂದು ಹಾಕಿದರೆ ಮೂಲ ಕಥೆ ಮಾತ್ರ ಇದೆ. ಉಳಿದೆರಡು ಕಥೆಗಳು ಡಿಸ್ಕಿನಲ್ಲಿ ಇಲ್ಲವೇ ಇಲ್ಲ. ಅವು ಬೇಕೆಂದರೆ ಡಬ್ಬಿಯೊಳಗಿನ ಚೀಟಿಯ 12 ಅಕ್ಷರದ ಕೋಡ್ ಹಾಕಬೇಕು. ಅದು ನಡೆಯುವುದು ಒಂದೇ ಸಲ. ಮೊದಲು ಕೊಂಡವರು ಹಾಕಿಕೊಂಡಾಗಿದೆ. ಅವರದೇನು ತಪ್ಪು? ಹೀಗೆ ಮಾಡಿಟ್ಟಿದ್ದು ಗೇಮ್ ಕಂಪನಿ.

ಸರಿ, ಆ ಕಥೆಗಳನ್ನು ಆನ್‌ಲೈನ್ ಸ್ಟೋರಿನಲ್ಲಿ 1,250 ಕೊಟ್ಟು ಕೊಂಡೆ. ಡೌನ್‌ಲೋಡ್ ಆಯಿತು, ಗೇಮಿನೊಳಗೆ ಕಾಣಿಸಲಿಲ್ಲ. ಎರಡು ರಾತ್ರಿ ಅಳಿಸಿ ಮತ್ತೆ ಹಾಕಿ ನೋಡಿದೆ. ಕೊನೆಗೆ ಗೊತ್ತಾಗಿದ್ದು, ಡಿಸ್ಕ್ ಅಮೆರಿಕದ ಮಾರುಕಟ್ಟೆಯದು, ನಾನು ಕೊಂಡಿದ್ದು ಇಂಡಿಯಾದ ಸ್ಟೋರಿನಲ್ಲಿ. ಒಂದಕ್ಕೊಂದು ಕೂಡುವುದಿಲ್ಲ. ಡೌನ್‌ಲೋಡ್ ಮಾಡಿದ್ದೀರಿ, ದುಡ್ಡು ವಾಪಸ್ ಬರಲ್ಲ ಅಂದರು ಸ್ಟೋರಿನವರು. ಇದನ್ನು ಡಬ್ಬಿ ಮೇಲೆ ದೊಡ್ಡದಾಗಿ ಬರೆಯಬಹುದಿತ್ತು ಅಲ್ವಾ?

ಹಳೇ ಡಿಸ್ಕ್ ಕೊಂಡವರಿಗೆ ಹೀಗೆ ಅಡ್ಡಗಾಲು ಹಾಕುವ ಚಾಳಿ ಹಳೆಯದು. 2010ರಲ್ಲಿ ಇಎ ಎಂಬ ಗೇಮ್ ಕಂಪನಿ ‘ಆನ್‌ಲೈನ್ ಪಾಸ್’ ಶುರು ಮಾಡಿತು. ಹಳೇ ಡಿಸ್ಕ್ ಕೊಂಡವರು ಆನ್‌ಲೈನ್ ಆಡಬೇಕೆಂದರೆ 10 ಡಾಲರ್ ಕಟ್ಟಬೇಕಿತ್ತು. 2013ರಲ್ಲಿ ಅದನ್ನು ಕೈಬಿಟ್ಟರು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ಹೊಸ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಡಿಸ್ಕ್ ಮಾರುವುದಕ್ಕೂ ಸ್ನೇಹಿತರಿಗೆ ಕೊಡುವುದಕ್ಕೂ ಕಟ್ಟುಪಾಡು ಹಾಕಲು ಹೊರಟಿತ್ತು. ಆಟಗಾರರು ರೊಚ್ಚಿಗೆದ್ದರು. ಜೂನ್‌ನಲ್ಲೇ ಕಂಪನಿ ಹಿಂದೆ ಸರಿಯಿತು.

ಇನ್ನು ಡೌನ್‌ಲೋಡ್. ಸೇಲ್‌ನಲ್ಲಿ 900 ರೂಪಾಯಿಗೆ ಒಂದು ಕೊಂಡಿದ್ದೆ. ಕೋಡ್ ರಗಳೆ ಇಲ್ಲ, ಡಿಸ್ಕ್ ಗೀಚಿಹೋಗುವ ಭಯ ಇಲ್ಲ. ಆಡಿ ಮುಗಿಸಿದೆ. ಆಮೇಲೆ? ಮಾರುವ ಹಾಗಿಲ್ಲ, ಅಕ್ಕನ ಮಗನ ಕೈಗೆ ಕೊಡುವ ಹಾಗಿಲ್ಲ. ಸುಮ್ನೆ ಅಕೌಂಟಿನಲ್ಲಿ ಬಿದ್ದಿದೆ. ಫ್ರಾನ್ಸ್‌ನ ಗ್ರಾಹಕರ ಸಂಘವೊಂದು ಇದೇ ಮರುಮಾರಾಟದ ವಿಷಯಕ್ಕೆ, ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿ ಮೇಲೆ ಕೇಸು ಹಾಕಿ 2019ರಲ್ಲಿ ಗೆದ್ದಿತ್ತು. 2022ರಲ್ಲಿ ಮೇಲಿನ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು.

ಪಿಸಿ, ಅಂದರೆ ಕಂಪ್ಯೂಟರ್ ಗೇಮಿನ ಹಳೇ ಡಬ್ಬಿ ಮಾತ್ರ ಬೇಡವೇ ಬೇಡ. ಗೇಮ್ ತೆರೆಯುವ ಅದರ ಕೋಡ್ ಸಾಮಾನ್ಯವಾಗಿ ಮೊದಲ ಅಕೌಂಟಿಗೇ ಅಂಟಿಕೊಂಡಿರುತ್ತದೆ.

ನಾನು ಒಂದು ಸಲಕ್ಕೆ ಒಂದೇ ಗೇಮ್ ಆಡುವವನು. ಎರಡು ತಿಂಗಳಿಗೆ 1,500ಕ್ಕಿಂತ ಜಾಸ್ತಿ ಹಾಕಲಾರೆ. 1,400ಕ್ಕೆ ತಂದ ಡಿಸ್ಕನ್ನು ನಿನ್ನೆ 1,100ಕ್ಕೆ ಮಾರಿದೆ. ಹೆಚ್ಚುವರಿ ಕಥೆಗಳ ಆಸೆಗೆ ಬೀಳದಿದ್ದರೆ ಎರಡು ತಿಂಗಳ ಆಟಕ್ಕೆ ಬರೀ 300 ರೂಪಾಯಿ ಆಗುತ್ತಿತ್ತು. ವರ್ಷಗಟ್ಟಲೆ ಒಂದೇ ಆನ್‌ಲೈನ್ ಗೇಮ್ ಆಡುವವರಾದರೆ ಡೌನ್‌ಲೋಡೇ ಸರಿ.

ಡಿಸ್ಕ್ ಕೊಳ್ಳುವಾಗ ಡಬ್ಬಿ ಮುಂದೆ ವಯಸ್ಸಿನ ಗುರುತು ನೋಡಿ. ಇಎಸ್‌ಆರ್‌ಬಿ ಎಂದಿದ್ದರೆ ಅಮೆರಿಕದ್ದು, ಪೆಗಿ ಎಂದಿದ್ದರೆ ಯುರೋಪಿನದು. ಒಳಗೆ ಚೀಟಿ ಇದ್ದರೆ ಆ ಕೋಡ್ ಸತ್ತಿದೆ ಅಂತಲೇ ಲೆಕ್ಕ ಹಾಕಿ ಬೆಲೆ ಕೇಳಿ.