ಫ್ರೀಕ್ಯಾಡ್ 1.0: ಲೇತ್ ಶಾಪಿಗೆ ಹೋಗುವ ಹಾಳೆಯವರೆಗೆ

ಹಾಸನ, ಚಿಕ್ಕಮಗಳೂರಿನ ಮೆಕ್ಯಾನಿಕಲ್ ವಿದ್ಯಾರ್ಥಿಗಳ ಫೈನಲ್ ಇಯರ್ ಪ್ರಾಜೆಕ್ಟಿಗೆ ಫ್ರೀಕ್ಯಾಡ್ ಎಂಬ 3ಡಿ ವಿನ್ಯಾಸದ ತಂತ್ರಾಂಶ ಧಾರಾಳವಾಗಿ ಸಾಕು. ಲೈಸೆನ್ಸಿಗೆ ಕಾಸಿಲ್ಲ, ಲೆಕ್ಕ, ಮಾಡೆಲ್, ಡ್ರಾಯಿಂಗ್, ಸಾಮಾನಿನ ಪಟ್ಟಿ ಎಲ್ಲ ಒಂದೇ ಫೈಲಿನಲ್ಲಿ. ಆದರೆ ಇದು 2024ರ ನವೆಂಬರ್‌ನಲ್ಲಿ ಬಂದ 1.0ಗೆ ಹೇಳಿದ ಮಾತು. ಅದಕ್ಕಿಂತ ಹಳೆಯದರಲ್ಲಿ ಒಂದು ತೂತು ಸರಿಸಿದರೆ ಮುಂದಿನ ಸ್ಕೆಚ್ (ಆಕಾರಕ್ಕೆ ಆಧಾರವಾದ ರೇಖಾಚಿತ್ರ) ಭಾಗದ ಬೇರೆ ಮುಖಕ್ಕೆ ಹೋಗಿ ಅಂಟಿಕೊಳ್ಳುತ್ತಿತ್ತು. ಆ ಕಾಟ ಈಗ ಬಹಳ ಕಡಿಮೆ, ಪೂರ್ತಿ ಹೋಗಿಲ್ಲ.

ಇದರ ನಿಜವಾದ ಬಲ ಸ್ಪ್ರೆಡ್‌ಶೀಟ್. ಮೆಣಸು ಬಿಡಿಸುವ ಯಂತ್ರ ಎಂದಿಟ್ಟುಕೊಳ್ಳಿ: ಮೋಟರ್ 1440 ಆರ್‌ಪಿಎಂ, ಮೋಟರಿನ ಪುಲ್ಲಿ 3 ಇಂಚು, ಡ್ರಮ್ಮಿನದು 12 ಇಂಚು, ಅಂದರೆ ಡ್ರಮ್ಮಿಗೆ 360, ಬೆಲ್ಟ್ ಜಾರುವುದರಿಂದ ತುಸು ಕಡಿಮೆ. ಶಾಫ್ಟ್ 25 ಮಿಮೀ, ಪುಲ್ಲಿಯನ್ನು ಶಾಫ್ಟಿಗೆ ಹಿಡಿಸುವ ಕೀಲಿ 8×7 ಮಿಮೀ, ಪೀಠವಿರುವ ಬೇರಿಂಗ್ ಯುಸಿಪಿ 205: ಬೋಲ್ಟುಗಳ ನಡುವೆ 105, ತಳದಿಂದ ಸೆಂಟರ್ 36.5 ಮಿಮೀ. ಇವನ್ನು ಸೆಲ್ಲುಗಳಲ್ಲಿ ತುಂಬಿ, ಪ್ರತಿಯೊಂದಕ್ಕೂ ಅಲಿಯಾಸ್ (ಒಂದು ಹೆಸರು) ಕೊಟ್ಟು, ಸ್ಕೆಚ್ಚಿನ ಅಳತೆ ಪೆಟ್ಟಿಗೆಯಲ್ಲಿ ‘=’ ಒತ್ತಿ ಆ ಹೆಸರು ಕರೆಯಿರಿ. ಪ್ರಾಜೆಕ್ಟ್ ಗೈಡ್ ‘ಶಾಫ್ಟ್ 30 ಮಾಡಿ’ ಎಂದರೆ ಶಾಫ್ಟಿನ ಸೆಲ್ ಬದಲಿಸಿದರೆ ಮಾಡೆಲ್ ಹಿಂಬಾಲಿಸುತ್ತದೆ. ಬೇರಿಂಗಿನ ಸಾಲು ಮಾತ್ರ ನೀವೇ 30ರ ಶಾಫ್ಟಿನ ಯುಸಿಪಿ 206ಕ್ಕೆ ತಿದ್ದಬೇಕು; ಅದು ತಾನಾಗಿ ಆಗುವ ಕೆಲಸವಲ್ಲ.

ಇಲ್ಲೇ ಹೆಚ್ಚಿನವರು ಎಡವುವುದು. ಅಳತೆ ಕೊಡುವ ಶೀಟಿಗೇ ಮಾಡೆಲ್ಲಿನಿಂದ ತೂಕವನ್ನೋ ಉದ್ದವನ್ನೋ ವಾಪಸ್ ಓದಿಸಿದರೆ ಶೀಟಿಗೆ ಮಾಡೆಲ್, ಮಾಡೆಲ್ಲಿಗೆ ಶೀಟ್ ಎಂಬ ಸುತ್ತು ಬಿದ್ದು ಎರರ್ ಬರುತ್ತದೆ. ಒಳಹೋಗುವ ಅಳತೆಗೆ ಒಂದು ಶೀಟ್, ಹೊರಬರುವ ಫಲಿತಾಂಶಕ್ಕೆ ಇನ್ನೊಂದು ಇಡಿ.

ಭಾಗಗಳನ್ನು ಜೋಡಿಸುವ ಅಸೆಂಬ್ಲಿ ಈಗ ಜೊತೆಯಲ್ಲೇ ಬರುತ್ತದೆ. ಮೊದಲು ಫ್ರೇಮನ್ನು ಗ್ರೌಂಡ್ ಮಾಡದಿದ್ದರೆ, ಅಂದರೆ ಅಲುಗದಂತೆ ಕಟ್ಟದಿದ್ದರೆ, ಎಲ್ಲ ಭಾಗವೂ ತೇಲಾಡುತ್ತವೆ. ಸಾಮಾನಿನ ಪಟ್ಟಿ ಅಲ್ಲಿಂದಲೇ ತೆಗೆಯಬಹುದು. ಬೆಲ್ಟು, ಗ್ರೀಸು, ಬಣ್ಣದಂತೆ ಮಾಡೆಲ್ ಮಾಡದ ವಸ್ತು ಅದರಲ್ಲಿ ಇರುವುದಿಲ್ಲ, ಕೈಯಿಂದ ಸೇರಿಸಿ.

ಫ್ರೀಕ್ಯಾಡ್ ಸೊರಗುವುದು ಡ್ರಾಯಿಂಗ್ ಹಾಳೆಯಲ್ಲಿ. ಹಾಳೆ ತಯಾರಿಸುವ ಅದರ ವಿಭಾಗ ಟೆಕ್‌ಡ್ರಾ ಕೆಲಸ ಮಾಡುತ್ತದೆ, ಆದರೆ ಮಾಡೆಲ್ ತಿದ್ದಿದ ಮೇಲೆ ಕೆಲವು ಡೈಮೆನ್ಷನ್ ತಪ್ಪು ಅಂಚಿಗೆ ಜಿಗಿಯುತ್ತವೆ. ಒಂದು ವ್ಯೂವಿನ ಸ್ಕೇಲ್ ಮಾತ್ರ ಬದಲಿಸಿದರೆ ಟೈಟಲ್ ಬ್ಲಾಕಿನಲ್ಲಿ (ಹಾಳೆಯ ಮೂಲೆಯ ವಿವರದ ಪೆಟ್ಟಿಗೆ) ಹಳೆಯದೇ ಉಳಿಯುತ್ತದೆ. ಪ್ರೊಜೆಕ್ಷನ್ (ನೋಟಗಳನ್ನು ಹಾಳೆಯಲ್ಲಿ ಜೋಡಿಸುವ ಕ್ರಮ) ಫಸ್ಟ್ ಆ್ಯಂಗಲ್ ಇದೆಯೇ ಎಂದು ಪ್ರಿಫರೆನ್ಸಿನಲ್ಲಿ ನೋಡಿಕೊಳ್ಳಿ. ಥರ್ಡ್ ಆ್ಯಂಗಲ್ ಹಾಳೆಯನ್ನು ಲೇತ್ ನಡೆಸುವ ಟರ್ನರ್ ಫಸ್ಟ್ ಎಂದು ಓದಿದರೆ ಕೀಲಿ ಕೂರುವ ತೋಡು ಶಾಫ್ಟಿನ ಇನ್ನೊಂದು ತುದಿಗೆ ಬೀಳಬಹುದು. ಪ್ರಿಂಟ್ ಹಾಕಿಸುವ ಜೆರಾಕ್ಸ್ ಅಂಗಡಿಯಲ್ಲಿ ‘ಫಿಟ್ ಟು ಪೇಜ್’ ತೆಗೆಸಿ. ಎ3 ಹಾಳೆ ಎ4ಗೆ ಕುಗ್ಗಿದ್ದು ಗೊತ್ತಿಲ್ಲದೆ ಸ್ಕೇಲ್ ಇಟ್ಟು ಅಳೆಯುವವರು ಇದ್ದೇ ಇರುತ್ತಾರೆ.

ಪರಿಷ್ಕರಣೆಯ ಲೆಕ್ಕ ತಂತ್ರಾಂಶ ಇಡುವುದಿಲ್ಲ. ಹಾಳೆ ಹೊರಗೆ ಹೋದಾಗಲೆಲ್ಲ ರೆವ್-ಎ, ರೆವ್-ಬಿ ಎಂದು ಫೈಲಿನ ಪ್ರತಿ ತೆಗೆದಿಟ್ಟು, ಅದೇ ಅಕ್ಷರ ಟೈಟಲ್ ಬ್ಲಾಕಿನಲ್ಲೂ ಬರೆಯಿರಿ. ಲ್ಯಾಬಿನ ಗಣಕದಲ್ಲಿ ಹಿಂದಿನ ಆವೃತ್ತಿ 0.21 ಇದ್ದರೆ 1.0ರ ಫೈಲ್ ಅಲ್ಲಿ ಸರಿಯಾಗಿ ತೆರೆಯುತ್ತದೆ ಎಂದು ನಂಬಬೇಡಿ. ಬೇರೆ ಕ್ಯಾಡ್ ತಂತ್ರಾಂಶಗಳೂ ಓದುವ ಸ್ಟೆಪ್ ಫೈಲ್ ಜೊತೆಗಿರಲಿ. ಅದರಲ್ಲಿ ಆಕಾರ ಮಾತ್ರ ಬರುತ್ತದೆ, ಸ್ಪ್ರೆಡ್‌ಶೀಟ್ ಬರುವುದಿಲ್ಲ.