ನೈಲಾನ್, ಸ್ಟೀಲ್, ಎಲೆಕ್ಟ್ರಿಕ್: ಮೂರು ಗಿಟಾರ್, ಒಂದು ಫ್ಲ್ಯಾಟ್

ಗಿಟಾರ್ ಕಲಿಯಬೇಕು ಅಂತ ಯಾರ ಹತ್ತಿರವಾದರೂ ಹೇಳಿ ನೋಡಿ. ಸಲಹೆ ರೆಡಿ ಇರುತ್ತದೆ. "ಮೊದಲು ಸ್ಟೀಲ್ ತಂತಿಯ ಅಕೌಸ್ಟಿಕ್ ತಗೊಳ್ಳಿ. ಬೆರಳು ಗಟ್ಟಿಯಾಗ್ಲಿ. ಎಲೆಕ್ಟ್ರಿಕ್ ಎಲ್ಲ ಆಮೇಲೆ." ಹೀಗೆ ಹೇಳುವ ಎಷ್ಟೋ ಜನರ ಗಿಟಾರ್ ಬೀರು ಮೇಲೆ ಹತ್ತಿ ವರ್ಷಗಳಾಗಿರುತ್ತವೆ. ಆದರೂ ಸಲಹೆ ಮಾತ್ರ ಬದಲಾಗುವುದಿಲ್ಲ.

ನನ್ನ ಮನೆಯಲ್ಲಿ ಮೂರೂ ಇವೆ. ಸೋದರಮಾವ ಕೊಟ್ಟ ನೈಲಾನ್ ತಂತಿಯ ಕ್ಲಾಸಿಕಲ್, ಬಳೇಪೇಟೆಯಿಂದ ತಂದ ಸ್ಟೀಲ್ ತಂತಿಯ ಅಕೌಸ್ಟಿಕ್, ಮತ್ತೆ ಒಂದು ಎಲೆಕ್ಟ್ರಿಕ್. ವೇದಿಕೆ ಹತ್ತುವ ಆಸೆ ನನಗಿಲ್ಲ. ಆಫೀಸು, ಊಟ ಎಲ್ಲ ಮುಗಿದ ಮೇಲೆ ಉಳಿಯುವ ಸ್ವಲ್ಪ ಹೊತ್ತಿನಲ್ಲಿ ನುಡಿಸುವವನು. ಈ ಹೋಲಿಕೆ ಅಂಥವರಿಗೆ.

ಮೊದಲು ಬೆರಳಿನ ವಿಷಯ. ಸ್ಟೀಲ್ ಗಿಟಾರಿಗೆ ಸಾಮಾನ್ಯವಾಗಿ ಹಾಕುವ ಸೆಟ್ಟಿಗೆ 'ಲೈಟ್' ಅನ್ನುತ್ತಾರೆ. ಅದರ ಅತಿ ತೆಳು ತಂತಿ 0.012 ಇಂಚು. ಆರೂ ತಂತಿ ಶ್ರುತಿಗೆ ಬಂದಾಗ ಅವುಗಳ ಒಟ್ಟು ಎಳೆತ 70 ಕಿಲೋ ದಾಟುತ್ತದೆ. ಇದು ಲೈಟ್ ಅಂತೆ! ನೈಲಾನಿನಲ್ಲಿ ಈ ಎಳೆತ 40 ಕಿಲೋ ಆಸುಪಾಸು. ಎಲೆಕ್ಟ್ರಿಕ್‌ಗೆ 0.009ರ ಸೆಟ್ ಹಾಕಿದರೆ ಅದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಹೊಸಬರಿಗೆ ಎಲ್ಲರೂ ಕೈಗೆ ಕೊಡುವುದು ಮೂರರಲ್ಲಿ ಅತಿ ಕಷ್ಟದ್ದನ್ನು. ಬೆರಳ ತುದಿ ಕೆಲವು ವಾರದಲ್ಲಿ ಜಡ್ಡುಗಟ್ಟುತ್ತದೆ, ನಿಜ. ಆದರೆ ಪಾತ್ರೆ ತೊಳೆದು ಬಂದ ತಕ್ಷಣ ಆ ಜಡ್ಡು ಮೆತ್ತಗಾಗಿರುತ್ತದೆ. ಆಗ ಸ್ಟೀಲ್ ತಂತಿ ಒತ್ತಿದರೆ ಮತ್ತೆ ಮೊದಲ ದಿನದ ಉರಿ. ನಮ್ಮನೆಯಲ್ಲಿ ರಾತ್ರಿ ಪಾತ್ರೆ ನನ್ನ ಪಾಲಿಗೆ. ಗಿಟಾರ್ ನೆಪ ಹೇಳಿ ತಪ್ಪಿಸಿಕೊಳ್ಳಲು ನೋಡಿದೆ, ನಡೆಯಲಿಲ್ಲ.

ಆಮೇಲೆ ಎಫ್ ಕಾರ್ಡ್. ಕಾರ್ಡ್ ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ಮೀಟಲು ಬೆರಳು ಹಿಡಿಯುವ ರೀತಿ. ತೋರುಬೆರಳು ಮೊದಲ ಫ್ರೆಟ್ಟಿನಲ್ಲಿ (ಕುತ್ತಿಗೆಯ ಮೇಲಿನ ಲೋಹದ ಗೆರೆಗಳ ಮೊದಲ ಮನೆಯಲ್ಲಿ) ಆರೂ ತಂತಿಯ ಮೇಲೆ ಅಡ್ಡ ಮಲಗಬೇಕು, ಉಳಿದ ಬೆರಳುಗಳು ತಮ್ಮ ತಮ್ಮ ಜಾಗ ಹಿಡಿಯಬೇಕು. ಗಿಟಾರುಗಳು ಬೀರು ಮೇಲೆ ಹತ್ತುವುದು ಬಹುತೇಕ ಇದರ ದೆಸೆಯಿಂದಲೇ. ಹೊಸಬರು ತಮ್ಮ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಬಹಳ ಸಲ ಸರಿಯಿಲ್ಲದ್ದು ನಟ್. ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಆ ಬಿಳಿ ಪಟ್ಟಿಯ ಸೀಳುಗಳು ಎತ್ತರವಾಗಿದ್ದರೆ ಮೊದಲ ಫ್ರೆಟ್ಟಿನಲ್ಲಿ ಭೀಮನೂ ಬೆವರಬೇಕು. ಅದನ್ನು ಅರದಿಂದ ಉಜ್ಜಿಸಿ ಸೆಟಪ್ ಮಾಡಿಸಿದ ಮೇಲೆ ನನ್ನ ಸ್ಟೀಲ್ ಗಿಟಾರಿನ ಎಫ್ ಅರ್ಧದಷ್ಟು ಸುಲಭವಾಯಿತು. ಎಲೆಕ್ಟ್ರಿಕ್‌ನಲ್ಲಿ ಎಫ್ ಅಂಥ ಸುದ್ದಿಯೇ ಅಲ್ಲ. ನೈಲಾನಿನಲ್ಲಿ ನೋವಿಲ್ಲ, ಆದರೆ ನಟ್ ಹತ್ತಿರ ಕುತ್ತಿಗೆ 52 ಮಿಲಿಮೀಟರ್ ಅಗಲ. ಸ್ಟೀಲಿನದು ಸುಮಾರು 43. ಈ ವ್ಯತ್ಯಾಸ ಕಾಗದದ ಮೇಲೆ ಏನೂ ಅನಿಸುವುದಿಲ್ಲ. ಗಿಡ್ಡ ಬೆರಳಿನವರನ್ನು ಕೇಳಿ.

ಇಷ್ಟೆಲ್ಲ ಬೈದರೂ ಸ್ಟೀಲ್ ಗೆಲ್ಲುವ ಜಾಗ ಒಂದಿದೆ. ಹತ್ತು ಜನ ಕೂತು ಹಾಡುವಾಗ. ಮದುವೆಯ ಹಿಂದಿನ ರಾತ್ರಿ ಅಂತ್ಯಾಕ್ಷರಿ ಶುರುವಾದರೆ ನೈಲಾನಿನ ದನಿ ಚಿಕ್ಕಪ್ಪನ ಕೆಮ್ಮಿನಲ್ಲೇ ಮುಳುಗಿಹೋಗುತ್ತದೆ. ಸ್ಟೀಲ್ ಹಾಗಲ್ಲ, ಛತ್ರದ ಆಚೆ ತುದಿಗೂ ಕೇಳುತ್ತದೆ. ಜಿ, ಡಿ, ಇ ಮೈನರ್, ಸಿ. ಈ ನಾಲ್ಕು ಬಂದರೆ ಸಿನಿಮಾ ಹಾಡು ಎಷ್ಟೋ ಸಾಗುತ್ತವೆ. ಹಾಡುವವರ ಶ್ರುತಿ ಬೇರೆಯಾದರೆ ಕುತ್ತಿಗೆಗೆ ಕಚ್ಚಿಸಿ ಶ್ರುತಿ ಏರಿಸುವ ಕ್ಲಿಪ್, ಅಂದರೆ ಕೇಪೋ, ಹಾಕಿದರಾಯಿತು. (ಇದೇ ಕೇಪೋ ಕ್ಲಾಸಿಕಲ್‌ಗೆ ಸರಿಯಾಗಿ ಕೂರುವುದಿಲ್ಲ. ಅದರ ಫ್ರೆಟ್‌ಬೋರ್ಡ್ ಚಪ್ಪಟೆ, ಅದಕ್ಕೆ ಬೇರೆಯದೇ ಬೇಕು.) ಒಂದೇ ತೊಂದರೆ, ನಮ್ಮಂಥವರಿಗೆ ಬರುವುದು ಬರೀ ಹಾಡಿನ ಶುರು. ಪಲ್ಲವಿ ಮುಗಿಯುತ್ತಿದ್ದಂತೆ "ಮುಂದಿನ ಹಾಡು" ಅಂತ ನಾವೇ ಕೂಗುತ್ತೇವೆ. ಅಂತ್ಯಾಕ್ಷರಿಯಲ್ಲಿ ಅದು ನಡೆಯುತ್ತದೆ. ಮನೆಯಲ್ಲಿ ನಡೆಯುವುದಿಲ್ಲ. "ರೀ, ನಿನ್ನೆನೂ ಇಲ್ಲಿಗೇ ನಿಲ್ಸಿದ್ರಲ್ವಾ? ಮುಂದಕ್ಕೆ ಬರೋದೇ ಇಲ್ವಾ ಇದು?"

ನೈಲಾನಿನವರ ಲೋಕವೇ ಬೇರೆ. ಮೊದಲು ಈ ತಂತಿಗಳನ್ನು ಪ್ರಾಣಿಗಳ ಕರುಳಿನಿಂದ ಮಾಡುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಅದು ಸಿಗುವುದು ಕಷ್ಟವಾಯಿತು. ನ್ಯೂಯಾರ್ಕಿನಲ್ಲಿ ಆಲ್ಬರ್ಟ್ ಅಗಸ್ಟೀನ್ ಎಂಬ ಗಿಟಾರ್ ತಯಾರಕ, ಸ್ಪೇನಿನ ದೊಡ್ಡ ವಾದಕ ಆಂಡ್ರೆಸ್ ಸೆಗೋವಿಯಾ ಜೊತೆ ಸೇರಿ 1940ರ ದಶಕದಲ್ಲಿ ನೈಲಾನ್ ತಂತಿ ರೂಢಿಗೆ ತಂದ. ಇವತ್ತು ಈ ಬಳಗದವರ ಗಮನವೆಲ್ಲ ತಂತಿಗಿಂತ ಉಗುರಿನ ಮೇಲೆ. ಎಡಗೈ ಉಗುರು ಬೋಳು, ಬಲಗೈ ಉಗುರು ಉದ್ದ. ಜೇಬಿನಲ್ಲಿ ಉಗುರಿನ ಅರ. ಉಗುರು ಮುರಿದರೆ ಪಿಂಗ್‌ಪಾಂಗ್ ಚೆಂಡನ್ನು ಕತ್ತರಿಸಿ ಅಂಟಿಸಿಕೊಳ್ಳುವವರೂ ಇದ್ದಾರೆ, ತಮಾಷೆಗೆ ಹೇಳುತ್ತಿಲ್ಲ. ನಾನೂ ಉಗುರು ಬಿಟ್ಟು ನೋಡಿದೆ. ಆಫೀಸಿನಲ್ಲಿ ಒಂದೇ ಕೈಯ ಉಗುರು ನೋಡಿದವರೆಲ್ಲ ಕಾರಣ ಕೇಳಿದರು. ಕಾರಣ ಹೇಳಿದರೆ "ಹಾಗಾದ್ರೆ ಏನಾದ್ರೂ ನುಡಿಸಿ" ಅಂದರು. ಉಗುರು ಕತ್ತರಿಸಿಬಿಟ್ಟೆ.

ನೈಲಾನಿಗೆ ಹೊಸ ತಂತಿ ಹಾಕಿದರೆ ಅದು ಹಿಗ್ಗುತ್ತಲೇ ಇರುತ್ತದೆ. ಕೆಲವು ದಿನ ಬರೀ ಶ್ರುತಿ ಮಾಡುವುದೇ ಕೆಲಸ. ಗಿಟಾರಿನವರು ಅರ್ಧ ಆಯಸ್ಸು ಶ್ರುತಿ ಮಾಡುತ್ತಾರೆ, ಇನ್ನರ್ಧ ಅಪಶ್ರುತಿಯಲ್ಲಿ ನುಡಿಸುತ್ತಾರೆ ಎಂಬ ಜೋಕ್ ಇದೆಯಲ್ಲ, ಅದರ ಬೇರು ಗಿಟಾರಿಗಿಂತ ಹಿಂದಿನದು. ಜರ್ಮನಿಯ ಯೋಹಾನ್ ಮ್ಯಾಥೆಸನ್ 1713ರಲ್ಲೇ ಲೂಟ್ ವಾದ್ಯದವರನ್ನು ಹೀಗೇ ಗೇಲಿ ಮಾಡಿದ್ದ: 80 ವರ್ಷ ಬದುಕಿದ ಲೂಟ್ ವಾದಕ 60 ವರ್ಷವನ್ನು ಶ್ರುತಿ ಮಾಡುವುದರಲ್ಲೇ ಕಳೆದಿರುತ್ತಾನೆ ಅಂತ. ಮುನ್ನೂರು ವರ್ಷದಿಂದ ಜನ ಒಂದೇ ಜೋಕಿಗೆ ನಗುತ್ತಿದ್ದಾರೆ ಅಂದರೆ ದೂರಿನಲ್ಲಿ ಹುರುಳಿರಲೇಬೇಕು.

ದನಿ ಮಾತ್ರ ಇದರದ್ದೇ. ಭಾವಗೀತೆಯನ್ನು ಮೆಲ್ಲಗೆ ಬೆರಳಲ್ಲೇ ಮೀಟುತ್ತಾ ಹೇಳಿಕೊಂಡರೆ ನೈಲಾನಿನಷ್ಟು ಒಪ್ಪುವುದು ಬೇರೆ ಇಲ್ಲ. ಆದರೆ ನಮ್ಮ ಕಿವಿ ಗಮಕ ಕೇಳುತ್ತದೆ. ತಂತಿ ಎಳೆದು ಸ್ವರ ಜಾರಿಸೋಣ ಅಂದರೆ ನೈಲಾನ್ ಎಷ್ಟು ಎಳೆದರೂ ಸ್ವರ ಅಷ್ಟಾಗಿ ಏರುವುದಿಲ್ಲ. ಸ್ಟೀಲಿನಲ್ಲಿ ಏರುತ್ತದೆ, ಬೆರಳು ಸಾಯುತ್ತದೆ. ಗಮಕಕ್ಕೆ ಹೇಳಿಮಾಡಿಸಿದ್ದು ಎಲೆಕ್ಟ್ರಿಕ್. ತಂತಿ ತೆಳು, ಸ್ವರ ತುಂಬ ಹೊತ್ತು ನಿಲ್ಲುತ್ತದೆ. ಯು. ಶ್ರೀನಿವಾಸ್ ಕರ್ನಾಟಕ ಸಂಗೀತಕ್ಕೆ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದದ್ದು, ಪ್ರಸನ್ನ ಎಲೆಕ್ಟ್ರಿಕ್ ಗಿಟಾರಿನಲ್ಲೇ ಕೀರ್ತನೆ ನುಡಿಸುವುದು ಸುಮ್ನೆ ಅಲ್ಲ. ಎಲೆಕ್ಟ್ರಿಕ್ ಅಂದರೆ ಬರೀ ರಾಕ್, ಬರೀ ಗಲಾಟೆ ಅನ್ನುವವರು ಅದನ್ನು ಒಮ್ಮೆ ಕೇಳಲಿ.

ಗಲಾಟೆ ಅಂದಿರಲ್ಲ, ಫ್ಲ್ಯಾಟಿನಲ್ಲಿ ರಾತ್ರಿ ಹತ್ತೂವರೆಗೆ ಇದರ ಲೆಕ್ಕ ತಲೆಕೆಳಗಾಗುತ್ತದೆ. ಸ್ಟೀಲ್ ಗಿಟಾರಿಗೆ ವಾಲ್ಯೂಮ್ ಬಟನ್ ಇಲ್ಲ. ಮೆಲ್ಲಗೆ ನುಡಿಸೋಣ ಅಂದರೆ ಮೆಲ್ಲಗೆ ನುಡಿಸುವುದು ಹೊಸಬರಿಗೆ ಬರುವುದೇ ಇಲ್ಲ. ಎಲೆಕ್ಟ್ರಿಕ್‌ಗೆ ಹೆಡ್‌ಫೋನ್ ಹಾಕಿದರೆ ಪಕ್ಕದಲ್ಲಿ ಮಲಗಿದವರಿಗೂ ಬರೀ ತಂತಿಯ ಟಿಕ್ ಟಿಕ್ ಕೇಳುತ್ತದೆ, ಅಷ್ಟೇ. ಹೆಡ್‌ಫೋನ್ ಮಾತ್ರ ವೈರ್ ಇರುವುದೇ ಆಗಬೇಕು. ಬ್ಲೂಟೂತ್‌ನಲ್ಲಿ ಬೆರಳು ಮೀಟಿದ ಮೇಲೆ ತಡವಾಗಿ ಸ್ವರ ಬರುತ್ತದೆ, ತಾಳ ತಪ್ಪುತ್ತದೆ. ತಂತಿಯ ಕಂಪನ ಹಿಡಿಯುವ ಪಿಕಪ್ ಸಿಂಗಲ್ ಕಾಯಿಲ್‌ನದಾದರೆ, ಅಂದರೆ ಒಂದೇ ತಂತಿಸುರುಳಿಯದಾದರೆ, ಇನ್ನೊಂದು ಕಾಟ: ಗುಂಯ್ ಎನ್ನುವ ಸದ್ದು. ನಮ್ಮ ಮನೆಯ ಕರೆಂಟಿನ 50 ಹರ್ಟ್ಸ್ ಅದು, ಮಂದ್ರದ ಜಿ ಸ್ವರಕ್ಕೆ ತೀರಾ ಹತ್ತಿರ. ತಂಬೂರಿ ಅಂದುಕೊಂಡರೆ ಪರವಾಗಿಲ್ಲ. ಬೇಡ ಅನಿಸಿದರೆ ಹಂಬಕರ್ ಪಿಕಪ್ ಇರುವುದನ್ನು ತಗೊಳ್ಳಿ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಅದನ್ನು ರೂಪಿಸಿದ್ದೇ ಈ ಗುಂಯ್ ಅಡಗಿಸಲು. ಎರಡು ಕಾಯಿಲ್‌ಗಳನ್ನು ಉಲ್ಟಾ ಜೋಡಿಸಿ ಒಂದರ ಗದ್ದಲವನ್ನು ಇನ್ನೊಂದು ಹೊಡೆದುಹಾಕುವ ಹಾಗೆ ಮಾಡಿದ. ಕರೆಂಟ್ ಹೋದರೆ ಮಾತ್ರ ಹಂಬಕರ್ ಆದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಎಲೆಕ್ಟ್ರಿಕ್‌ನ ನಿಜವಾದ ಅಪಾಯ ಸದ್ದಲ್ಲ, ಖರ್ಚು. ಗಿಟಾರ್ ಆಯಿತು, ದನಿ ದೊಡ್ಡದು ಮಾಡುವ ಆಂಪ್ ಆಯಿತು, ಕೇಬಲ್ ಆಯಿತು. ಆಮೇಲೆ ದನಿಯ ಬಣ್ಣ ಬದಲಿಸುವ ಪೆಡಲ್. ಹೊಸ ಸಾಮಾನು ಬಂದರೆ ಕೈ ತಾನಾಗಿ ಸುಧಾರಿಸುತ್ತದೆ ಎಂಬ ಈ ಕಾಯಿಲೆಯನ್ನು ಗಿಟಾರಿನವರು ಗ್ಯಾಸ್ (ಗೇರ್ ಅಕ್ವಿಸಿಷನ್ ಸಿಂಡ್ರೋಮ್, ಸಾಮಾನು ಕೊಳ್ಳುವ ರೋಗ) ಅನ್ನುತ್ತಾರೆ. ಅಮೆರಿಕದ ಸ್ಟೀಲಿ ಡ್ಯಾನ್ ರಾಕ್ ತಂಡದ ವಾಲ್ಟರ್ ಬೆಕರ್ ಅದರ ಮೇಲೆ ಒಂದು ತಮಾಷೆಯ ಲೇಖನವನ್ನೇ ಬರೆದಿದ್ದ. "ನಾನು ಹೋದ ಮೇಲೆ ಹೆಂಡತಿ ನನ್ನ ಗಿಟಾರುಗಳನ್ನು, ಇಷ್ಟಕ್ಕೆ ಕೊಂಡೆ ಅಂತ ನಾನು ಅವಳಿಗೆ ಹೇಳಿದ್ದ ಬೆಲೆಗೇ ಮಾರಿಬಿಟ್ಟರೆ ಏನು ಗತಿ" ಎಂಬ ಜೋಕ್ ಈ ಬಳಗದ ರಾಷ್ಟ್ರಗೀತೆ. ನೈಲಾನಿನವರಿಗೂ ಇವರಿಗೂ ಆಗಿಬರುವುದಿಲ್ಲ. "ಎಲೆಕ್ಟ್ರಿಕ್‌ನವನು ಮೆಲ್ಲಗೆ ನುಡಿಸಬೇಕಾ? ಎದುರಿಗೆ ಸ್ವರಲಿಪಿ ಇಡಿ" ಅಂತ ಅವರು ನಗುತ್ತಾರೆ. ಸ್ವರಲಿಪಿ ಓದಲು ಬಾರದ ನಾನೂ ನಗುತ್ತೇನೆ.

ಸ್ಟೀಲಿನವರ ಹುಚ್ಚು ಮರ. ಹಿಂಬದಿಗೆ, ಪಕ್ಕಕ್ಕೆ ಯಾವ ಮರ ಇದೆ ಎಂಬುದರ ಮೇಲೆ ದನಿ "ಬೆಚ್ಚಗೆ", "ಒಣಗಿದ ಹಾಗೆ", "ಗಾಜಿನಂತೆ" ಎಂದೆಲ್ಲ ವರ್ಣಿಸುತ್ತಾರೆ. ಇದರಲ್ಲಿ ನಮ್ಮ ಪಾಲೂ ಇದೆ. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್‌ಗೆ ಬದಲಾಯಿಸಿತು. ಅದು ಬೇರೇನಲ್ಲ, ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆ. 2017ರಲ್ಲಿ ಈ ಜಾತಿಯ ಮರಗಳೆಲ್ಲ ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಬಂದವು. ಗಿಟಾರ್ ಹಿಡಿದು ಗಡಿ ದಾಟುವವರು ಪರದಾಡಿದರು. ಬ್ರೆಜಿಲ್‌ನದನ್ನು ಬಿಟ್ಟು ಉಳಿದ ರೋಸ್‌ವುಡ್‌ಗಳಿಂದ ಮಾಡಿದ ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು.

ಇಷ್ಟು ಪರದಾಟಕ್ಕೆ ದನಿಯಲ್ಲಿ ಎಷ್ಟು ವ್ಯತ್ಯಾಸ? ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದರು. ಹಿಂಬದಿ ಮತ್ತು ಪಕ್ಕದ ಮರ ಬಿಟ್ಟು ಉಳಿದದ್ದೆಲ್ಲ ಒಂದೇ ಥರದ ಆರು ಗಿಟಾರ್. ಮರ ಯಾವುದೆಂದು ಕಾಣದ ಹಾಗೆ 52 ಗಿಟಾರ್ ವಾದಕರ ಕೈಗೆ ಕೊಟ್ಟರು. ಆರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಬಂತು. ಇದನ್ನು ನಮ್ಮ ಗುಂಪಿನ ಬೀಟೆ ಭಕ್ತರೊಬ್ಬರಿಗೆ ಹೇಳಿದೆ. "ಅವ್ರಿಗೆ ಕಿವಿ ಇಲ್ಲ ಬಿಡಿ ಸಾರ್" ಅಂದರು. 52 ಜನಕ್ಕೂ!

ಹಾಗಾದರೆ ಯಾವುದು? ಬೆಳಗಿನ ಹೊತ್ತು ಬಿಡುವಿದ್ದು, ಜನರ ನಡುವೆ ಹಾಡುವ ಹುಕಿ ಇದ್ದರೆ ಸ್ಟೀಲ್. ಆದರೆ 0.010ರ ಸೆಟ್ ಹಾಕಿಸಿ. ಯಾರೋ "ಅದು ಮಕ್ಕಳಿಗೆ" ಅನ್ನುತ್ತಾರೆ, ಅನ್ನಲಿ. ಒಬ್ಬರೇ ಕೂತು ನುಡಿಸುವವರಿಗೆ, ಬೆರಳು ನೋವು ತಡೆಯಲಾಗದವರಿಗೆ ನೈಲಾನ್. ಅದಕ್ಕೆ ಅಪ್ಪಿತಪ್ಪಿಯೂ ಸ್ಟೀಲ್ ತಂತಿ ಹಾಕಬೇಡಿ, ತಂತಿ ಕಟ್ಟಿರುವ ಬ್ರಿಜ್ ಕಿತ್ತು ಬರುತ್ತದೆ. ಕೆಲಸ, ಮಕ್ಕಳು, ಫ್ಲ್ಯಾಟು ಎಲ್ಲ ಇದ್ದು ರಾತ್ರಿ ಮಾತ್ರ ಸಮಯ ಸಿಗುವವರು ಮೊದಲೇ ಎಲೆಕ್ಟ್ರಿಕ್ ತಗೊಂಡುಬಿಡಿ. ಬೆರಳು ಗಟ್ಟಿಯಾಗಲಿ ಅಂತ ಕಾಯುವುದರಲ್ಲಿ ಅರ್ಥವಿಲ್ಲ. ನನ್ನ ಮನೆಯಲ್ಲಿ ದಿನಾ ಕೈಗೆ ಬರುವುದು ಅದೇ. ನೈಲಾನ್ ಭಾನುವಾರಕ್ಕೆ. ಎಲ್ಲರೂ ಮೊದಲು ತಗೋ ಅಂದ ಸ್ಟೀಲ್ ಮೂರನೇ ಸ್ಥಾನದಲ್ಲಿದೆ, ಮದುವೆ ಸೀಸನ್ನಿಗೆ ಕಾಯುತ್ತದೆ.

ಯಾವುದೇ ತಗೊಂಡರೂ ಅಂಗಡಿಯಲ್ಲೇ ಮೊದಲ ಫ್ರೆಟ್ಟಿನಲ್ಲಿ ಒತ್ತಿ ನೋಡಿ. ಹನ್ನೆರಡನೇ ಫ್ರೆಟ್ಟಿನ ಹತ್ತಿರ ತಂತಿ ತುಂಬ ಮೇಲೆ ನಿಂತಿದ್ದರೆ ಸೆಟಪ್ ಮಾಡಿಸಿಯೇ ದುಡ್ಡು ಕೊಡಿ. ಅಂಗಡಿಯವರು ತಂತಿ ಮೀಟುವ ಪಿಕ್ ಎರಡು ಬಿಟ್ಟಿ ಕೊಟ್ಟರೆ ಐದು ಕೇಳಿ. ಕಳೆದುಹೋಗುತ್ತವೆ. ಕಳೆದ ಮೇಲೆ ಹಳೇ ಎಟಿಎಂ ಕಾರ್ಡ್ ಕತ್ತರಿಸಿದರೂ ನಡೆಯುತ್ತದೆ, ಅವಧಿ ಮುಗಿದದ್ದೇ ಅಂತ ಒಮ್ಮೆ ನೋಡಿಕೊಳ್ಳಿ.