ಕೌಂಟರ್, ಲಿಸ್ಟ್, ವೀಕ್‌ಸೆಟ್: ಆಬ್ಜೆಕ್ಟ್‌ಗಳ ಲೆಕ್ಕಕ್ಕೆ ಯಾವುದು?

ಒಂದು ಕ್ಲಾಸ್‌ನಿಂದ ಒಟ್ಟು ಎಷ್ಟು ಆಬ್ಜೆಕ್ಟ್ ಹುಟ್ಟಿದವು ಅನ್ನೋದು ಒಂದು ಪ್ರಶ್ನೆ, ಈಗ ಯಾವ್ಯಾವು ಉಳಿದಿವೆ ಅನ್ನೋದು ಇನ್ನೊಂದು. ಪೈಥಾನ್‌ನಲ್ಲಿ ಮೂರು ಬಗೆಯ, ಎಲ್ಲ ಆಬ್ಜೆಕ್ಟ್‌ಗಳೂ ಹಂಚಿಕೊಳ್ಳುವ ಕ್ಲಾಸ್ ವೇರಿಯಬಲ್‌ಗಳನ್ನು ಒಂದೇ ಪ್ರೋಗ್ರಾಮ್‌ಗೆ ಹಾಕಿ ನೋಡಿದೆ.

ಬರೀ ಕೌಂಟರ್ ಅಂದರೆ, ಆಬ್ಜೆಕ್ಟ್ ಹುಟ್ಟುವಾಗ ಓಡುವ ಇನಿಟ್ (__init__) ಮೆಥಡ್ ಒಳಗೆ ಪ್ರತಿ ಸಲ ಒಂದು ಕೂಡಿಸೋದು. ಕ್ಲಾಸ್ ಹೆಸರು ಹಿಡಿದೇ ಕೂಡಿಸಬೇಕು. ಸೆಲ್ಫ್ (self, ಅಂದರೆ ಆ ಆಬ್ಜೆಕ್ಟೇ) ಮೂಲಕ ಕೂಡಿಸಿದರೆ ಆ ಆಬ್ಜೆಕ್ಟ್‌ಗೆ ಸ್ವಂತದ್ದೊಂದು ವೇರಿಯಬಲ್ ಹುಟ್ಟಿ, ಕ್ಲಾಸ್‌ನದ್ದು ಸೊನ್ನೆಯಲ್ಲೇ ನಿಲ್ಲುತ್ತದೆ. ಕ್ರಮಸಂಖ್ಯೆ ಕೊಡೋದಕ್ಕೆ ಇಷ್ಟು ಸಾಕು. ಆದರೆ ಉಳಿದವನ್ನು ಎಣಿಸಲು, ಆಬ್ಜೆಕ್ಟ್ ಅಳಿಯುವಾಗ ಓಡುವ ಡೆಲ್ (__del__) ಮೆಥಡ್‌ನಲ್ಲಿ ಒಂದು ಕಳೆಯಹೊರಟರೆ ಎಡವಟ್ಟು. ಕಾಪಿ ಮಾಡ್ಯೂಲ್ ಸಾಮಾನ್ಯವಾಗಿ ಇನಿಟ್ ಅನ್ನು ಕರೆಯದೆಯೇ ನಕಲು ತೆಗೆಯುತ್ತದೆ. ಹುಟ್ಟು ದಾಖಲಾಗಲ್ಲ, ಸಾವು ಮಾತ್ರ ದಾಖಲಾಗುತ್ತದೆ. ನನ್ನ ಪರೀಕ್ಷೆಯಲ್ಲಿ ಲೆಕ್ಕ ಸೊನ್ನೆಗಿಂತ ಕೆಳಗಿಳಿಯಿತು!

ಲಿಸ್ಟ್‌ಗೆ ಸೆಲ್ಫ್ ಅನ್ನು ಸೇರಿಸುತ್ತಾ ಹೋದರೆ ಎಲ್ಲ ಆಬ್ಜೆಕ್ಟೂ ಕೈಗೆ ಸಿಗುತ್ತವೆ. ಸಿಕ್ಕವು ಬಿಟ್ಟು ಹೋಗುವುದೂ ಇಲ್ಲ: ಕ್ಲಾಸೇ ಹಿಡಿದುಕೊಂಡಿರುವುದರಿಂದ ಮೆಮೊರಿ ಬಿಡುಗಡೆಯಾಗಲ್ಲ. ಚಿಕ್ಕ ಸ್ಕ್ರಿಪ್ಟ್‌ಗೆ ಪರವಾಗಿಲ್ಲ, ದಿನವಿಡೀ ಓಡುವ ಸರ್ವರ್‌ಗೆ ಖಂಡಿತ ಬೇಡ.

ನನ್ನ ಮತ ವೀಕ್‌ರೆಫ್ ಮಾಡ್ಯೂಲ್‌ನ ವೀಕ್‌ಸೆಟ್‌ಗೆ. ಅದು ಆಬ್ಜೆಕ್ಟನ್ನು ಹಿಡಿದಿಡುವುದಿಲ್ಲ, ಗುರುತು ಮಾತ್ರ ಇಟ್ಟುಕೊಳ್ಳುತ್ತದೆ. ಪೈಥಾನ್‌ನ ಮಾಮೂಲಿ ರೂಪವಾದ ಸಿಪೈಥಾನ್‌ನಲ್ಲಿ ಆಬ್ಜೆಕ್ಟನ್ನು ಹಿಡಿದಿದ್ದ ಕೊನೆಯ ರೆಫರೆನ್ಸ್ ಹೋದ ಕೂಡಲೇ ಸೆಟ್‌ನಿಂದಲೂ ಮಾಯ. ಆಬ್ಜೆಕ್ಟ್‌ಗಳು ಒಂದನ್ನೊಂದು ಹಿಡಿದುಕೊಂಡಿದ್ದರೆ ಮಾತ್ರ ಬೇಡದ ಆಬ್ಜೆಕ್ಟ್‌ಗಳನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರ್ ಬರುವವರೆಗೆ ಕಾಯಬೇಕು. ಇದಕ್ಕೂ ಹಠಗಳಿವೆ ಅನ್ನಿ. ವೇರಿಯಬಲ್‌ಗಳ ಹೆಸರನ್ನು ಮೊದಲೇ ಗೊತ್ತುಮಾಡುವ ಸ್ಲಾಟ್ಸ್ (__slots__) ಬಳಸಿದ ಕ್ಲಾಸ್‌ನಲ್ಲಿ ವೀಕ್‌ರೆಫ್‌ಗೂ ಒಂದು ಸ್ಲಾಟ್ (__weakref__) ಕೊಡಬೇಕು. ಇನಿಟ್ ಮೊದಲಾದವನ್ನು ತಾನೇ ಬರೆದುಕೊಡುವ ಮಾಮೂಲಿ ಡೇಟಾಕ್ಲಾಸ್‌ಗೆ ಹ್ಯಾಶ್ (ಸೆಟ್‌ನಲ್ಲಿ ಹುಡುಕಲು ಬೇಕಾದ ಸಂಖ್ಯೆ) ಇಲ್ಲದ್ದರಿಂದ ಟೈಪ್‌ಎರರ್ ಬರುತ್ತದೆ. ಫ್ರೋಜನ್ (ಬೆಲೆ ಬದಲಿಸಲಾಗದಂತೆ) ಮಾಡಿದರೆ ಎರರ್ ಹೋಗುತ್ತದೆ, ಆದರೆ ಒಂದೇ ಬೆಲೆಗಳಿರುವ ಎರಡು ಆಬ್ಜೆಕ್ಟ್‌ಗಳು ಸೆಟ್‌ನಲ್ಲಿ ಒಂದೇ ಆಗಿಬಿಡುತ್ತವೆ. ಎರರ್ ಬಂದರೆ ಕಣ್ಣಿಗಾದರೂ ಬೀಳುತ್ತದೆ, ಇದು ಕಣ್ಣಿಗೂ ಬೀಳಲ್ಲ. ಅಂಥ ಕಡೆ ಬೆಲೆಗಳನ್ನು ಹಿಡಿದಿಡದ ಡಿಕ್ಷನರಿಯಾದ ವೀಕ್‌ವ್ಯಾಲ್ಯೂಡಿಕ್ಷನರಿ ತೆಗೆದುಕೊಂಡು, ಐಡಿ ಫಂಕ್ಷನ್ ಪ್ರತಿ ಆಬ್ಜೆಕ್ಟ್‌ಗೂ ಕೊಡುವ ಬೇರೆ ಬೇರೆ ಸಂಖ್ಯೆಯನ್ನು ಕೀ ಮಾಡಿಕೊಂಡೆ.

ನಕಲುಗಳೂ ಲೆಕ್ಕಕ್ಕೆ ಬರಬೇಕಾದರೆ ನೋಂದಣಿಯನ್ನು ಇನಿಟ್ ಬಿಟ್ಟು ಆಬ್ಜೆಕ್ಟನ್ನು ಸೃಷ್ಟಿಸುವ, ನಕಲು ತೆಗೆಯುವಾಗಲೂ ಓಡುವ ನ್ಯೂ (__new__) ಮೆಥಡ್‌ನಲ್ಲಿ ಮಾಡಿ. ಸಬ್‌ಕ್ಲಾಸ್‌ಗಳೆಲ್ಲ ತಾಯಿ ಕ್ಲಾಸ್‌ನ ಸೆಟ್ಟನ್ನೇ ಹಂಚಿಕೊಳ್ಳುತ್ತವೆ. ಪ್ರತ್ಯೇಕ ಬೇಕಿದ್ದರೆ ಪೈಥಾನ್ 3.6ರಿಂದ ಇರುವ, ಸಬ್‌ಕ್ಲಾಸ್ ಹುಟ್ಟುವಾಗ ಓಡುವ ಇನಿಟ್‌-ಸಬ್‌ಕ್ಲಾಸ್‌ನಲ್ಲಿ ಪ್ರತಿಯೊಂದಕ್ಕೂ ಹೊಸ ಸೆಟ್ ಕಟ್ಟಿಕೊಡಬಹುದು.